ಬಾಕಿ

ಪಾಕಾಂತದ ಮಣ್ಣುಗುಡ್ಡದ ಬುಡದಲ್ಲಿ ನನ್ನ ಚಹದಂಗಡಿ.
ಮೇಲಿಂದ ಲಾರಿ ಸುರಿಯುವ ಮಣ್ಣು,
ಮಣ್ಣಿನ ಬೆನ್ನಿಗೇ ಇಳಿಯುವ ನೂರಾರು ಟಾರ್ಚು:
ಕಂಪನಿ ಬಿಸಾಕಿದ್ದರಲ್ಲಿ ಹಸಿರು ಕಲ್ಲು ಹೆಕ್ಕುವ ಹುಡುಗರು.
ರಾತ್ರಿಯೇ ಹೆಕ್ಕಬೇಕು. ಹಗಲು ಗುಡ್ಡ ಯಂತ್ರಗಳದು.

ಲಾ ರಾವ್ ಮೊದಲ ಸಲ ಬಂದಾಗ
ಮೂರು ತಟ್ಟೆ ನೂಡಲ್ಸ್ ತಿಂದ, ನಾಲ್ಕನೆಯದಕ್ಕೆ ನಾಚಿದ.
ಮಿಚಿನಾ ಕಡೆಯವನು, ಚರ್ಚಿನಲ್ಲಿ ಗಿಟಾರು ಬಾರಿಸುತ್ತಿದ್ದನಂತೆ.
ಎಣಿಸಿ ಕೊಟ್ಟ, ಚಿಲ್ಲರೆ ಬೇಡವೆಂದ.

ಆಮೇಲೆ ಗುಲಾಬಿ ಗುಳಿಗೆ.
ಸಿಗರೇಟಿನ ಬೆಳ್ಳಿಕಾಗದದ ಮೇಲಿಟ್ಟು
ಕೆಳಗೆ ಲೈಟರು ಹಿಡಿದರೆ
ವೆನಿಲ್ಲಾ ಬಿಸ್ಕತ್ತಿನ ವಾಸನೆ.
ಎರಡು ರಾತ್ರಿ ನಿದ್ದೆಯಿಲ್ಲ,
ಹಸಿವಿಲ್ಲ, ಚಳಿಯಿಲ್ಲ,
ಗುಡ್ಡ ಕುಸಿದೀತೆಂಬ ಭಯವಿಲ್ಲ.
"ಅಕ್ಕಾ, ಮಣ್ಣೊಳಗಿನ ಹಸಿರು ನಂಗೆ ಕಾಣುತ್ತೆ" ಅಂದ.
ಅವನ ಕಣ್ಣು ರೆಪ್ಪೆ ಬಡಿಯುವುದನ್ನೇ ಮರೆತಿದ್ದವು.
ಹಲ್ಲು ಕಡಿದೂ ಕಡಿದೂ
ಮಳೆಗಾಲ ಮುಗಿಯುವಷ್ಟರಲ್ಲಿ ಎರಡು ಉದುರಿದವು.
ಚರ್ಮದಡಿ ಇರುವೆ ಹರಿಯುತ್ತಿದೆಯೆಂದು
ಮೊಣಕೈ ಕೆರೆದು ಹುಣ್ಣು ಮಾಡಿಕೊಂಡ.
ನಾನೂ ಬಗ್ಗಿ ನೋಡಿದೆ.
ಇರುವೆ ಇದ್ದದ್ದು ನನ್ನ ಸಕ್ಕರೆ ಡಬ್ಬಿಯಲ್ಲಿ.

ಹಾಗೆ ಎದ್ದೇ ಇದ್ದವನು ಮಲಗಬೇಕಲ್ಲ.
ಮಲಗಿಸಲು ಬಿಳಿ ಪುಡಿ.
ಅದೂ ಗಸಗಸೆಯ ವಂಶವೇ:
ನನ್ನಜ್ಜಿ ಕೆಮ್ಮಿಗೆ, ಹೆರಿಗೆನೋವಿಗೆ, ಕೊನೇ ದಿನದ ಮುದುಕರಿಗೆ
ಉಗುರ ತುದಿಯಷ್ಟು ತೆಗೆದಿಡುತ್ತಿದ್ದ ಕಪ್ಪು ಅಂಟಿನ
ಮೊಮ್ಮಗ, ಅಜ್ಜಿಯ ಅಳತೆ ಕಲಿಯದೆ ಊರು ಬಿಟ್ಟವನು.
ಬೇಲಿಯಾಚೆ ಗುಡಾರದಲ್ಲಿ
ಸ್ಟ್ರಾ ತುಂಡಿಗೆ ತುಂಬಿ ಮಾರುತ್ತಾರೆ.
ಸೂಜಿ ಒಂದು, ತೋಳು ಆರು.
ಕಾಮಾಲೆಯೂ, ಇಲ್ಲಿ ಯಾರೂ ಹೆಸರೆತ್ತದ ಇನ್ನೊಂದೂ
ಅದೇ ಸೂಜಿಯ ದಾರಿ ಹಿಡಿದು ಬರುತ್ತವೆ.

ಬಾಕಿ ಪುಸ್ತಕದಲ್ಲಿ ಎಲ್ಲ ಇದೆ:
ದುಡ್ಡು ಕೊಟ್ಟ ತಿಂಗಳು.
ಟಾರ್ಚು ಅಡವಿಟ್ಟ ತಿಂಗಳು.
ಬೂಟು.
ಅವನಮ್ಮ ನೇಯ್ದ ಕೆಂಪು ಹೆಗಲಚೀಲ.
ಕೊನೆಗೆ ನನ್ನದೇ ಕೆಟಲ್ಲು ಕದ್ದು, ಮಾರಿ,
ಮರುದಿನ ಬಂದು ಚಹಾ ಕೇಳಿದ.
ಯಾತರಲ್ಲಿ ಕಾಯಿಸಲಿ, ಅಂದೆ.
ಅವನು ನಕ್ಕ. ನನಗೆ ನಗು ಬರಲಿಲ್ಲ, ಆಮೇಲೆ ಬಂತು.

ನವೆಂಬರಿನ ಒಂದು ಬೆಳಗು ಬೆಂಚಿನಡಿ ಸಿಕ್ಕ.
ತುಟಿ ನೇರಳೆ. ಕಣ್ಣೊಳಗಿನ ಕಪ್ಪು ಸಾಸಿವೆಗಿಂತ ಸಣ್ಣ.
ಗಂಟಲಲ್ಲಿ ಗೊರಗೊರ.
ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ
ಹನ್ನೊಂದು ಎಣಿಸಿದೆ.
ಕ್ಲಿನಿಕ್ಕಿನ ಲು ಮಾಯ್ ಹೇಳಿಕೊಟ್ಟಿದ್ದಳು:
ತಲೆ ಹಿಂದಕ್ಕೆ ವಾಲಿಸು, ಮೂಗು ಮುಚ್ಚಿ ಬಾಯಿಗೆ ಊದು,
ತೊಡೆಗೆ ಈ ಮದ್ದು ಚುಚ್ಚು. ಬಿಟ್ಟು ಹೋಗಬೇಡ,
ತೇಲಿದವನು ಮತ್ತೆ ಮುಳುಗುತ್ತಾನೆ.
ಒಲೆ ಊದಿ ಪಳಗಿದ ಬಾಯಿ ನನ್ನದು.
ಕೆಟಲ್ಲು ಕದ್ದವನ ಬಾಯಿಗಿಟ್ಟು ಊದಿದೆ.
ಹೊಗೆ, ವಾಂತಿ, ಹಸಿಮಣ್ಣು.

ಎದ್ದ. ಎದ್ದವನೇ ಬೈದ:
"ಎಷ್ಟು ದುಡ್ಡಿನ ನಿದ್ದೆ ಕೆಡಿಸಿದೆ ಗೊತ್ತಾ?"
ಬೆವರು, ನಡುಕ, ಹೊಳೆದಂಡೆಗೆ ಓಟ, ಮತ್ತೆ ಓಟ.
ಮಧ್ಯಾಹ್ನದವರೆಗೆ ಪಕ್ಕದಲ್ಲೇ ಕೂತೆ.
ಗಿರಾಕಿಗಳು ತಾವೇ ಚಹಾ ಸೋಸಿಕೊಂಡರು.

ಸಂಜೆ ಹೋಗುವಾಗ ಮೇಜಿನ ಮೇಲೊಂದು ಕಲ್ಲಿಟ್ಟ,
ಹೆಬ್ಬೆರಳ ಗಾತ್ರ, ಒಂದಂಚು ಹಸಿರು.
ಪಾಚಿಯೋ ಪಚ್ಚೆಯೋ, ಉಜ್ಜಿ ನೋಡಿಲ್ಲ.
ಉಪ್ಪಿನ ಡಬ್ಬಿಯಲ್ಲಿದೆ.
ಪುಸ್ತಕದಲ್ಲಿ ಅವನ ಪುಟಕ್ಕೆ ಗೀಟು ಎಳೆದಿಲ್ಲ:
ಬಾಕಿ ಇದ್ದವನು ಬರಲೇಬೇಕಲ್ಲ.