ಒಣಗುವವರೆಗೆ

ತಿಂಗಳ ಮೊದಲ ಭಾನುವಾರ,
ಹಾಕೊದಾತೆಯಲ್ಲಿ ಟ್ರಾಮ್ ಹಳಿ ಕವಲೊಡೆಯುವಲ್ಲಿ
ಕಾಫಿ ಅಂಗಡಿಯ ಅಟ್ಟದ ಮೇಲೆ ನಾವು ಐದು ಮಂದಿ.
ಕೆಳಗೆ ಬೂಟುಗಳ ಹಿಮ ಕರಗಿ ನೀರಾಗುತ್ತಿರುತ್ತದೆ.
ಮೇಲೆ ನಾವು ಅದ್ದಿ, ಗೀಚಿ,
ಉಸಿರು ಬಿಗಿಹಿಡಿದು ಕಾಯುತ್ತೇವೆ.
ಹಸಿಯಲ್ಲಿ ಹೇಳಿದ ಬಣ್ಣ ಬಣ್ಣವಲ್ಲ.

ಅಕ್ಕ ನಗುತ್ತಾಳೆ:
ನೀಲಿಯೇ ನಲವತ್ತಾರು ಸೀಸೆ,
ಬರೆಯುವ ಕಾಗದ ವರ್ಷಕ್ಕೆ ಎರಡು!
ಬೊಂಡಾಸ್ ಹಿಡಿಯುವ ಊರಲ್ಲಿ ಹುಟ್ಟಿ
ಮಸಿಗೆ ದುಡ್ಡು ಕೊಡುವವಳು ನೀನೊಬ್ಬಳೇ ಕಣೆ.

ಕೊಡುತ್ತೇನೆ. ನಾನು ಹಲ್ಲು ಮಾಡುವವಳು,
ಪಿಂಗಾಣಿಯ ಹಲ್ಲು.
ಬಿಳಿಯೊಂದರಲ್ಲೇ ಹದಿನಾರು ಕಂಡವಳು:
ಚಹಾ ಕುಡಿದವರ ಬಿಳಿ, ಸಿಗರೇಟು ಬಿಟ್ಟವರ ಬಿಳಿ,
ಮದುವೆಗೆ ವಾರ ಇರುವಾಗ ಓಡಿಬಂದವರ ಬಿಳಿ.
ಕಣ್ಣೇ ನನ್ನ ಅನ್ನ.
ಹಾಗಾಗಿ ಅಟ್ಟದ ಮೇಲೆ ಕೊನೆಯ ಮಾತು ನನ್ನದು
ಎಂದು ನಾನೇ ತೀರ್ಮಾನಿಸಿಕೊಂಡಿದ್ದೆ.

ಇಸೊಬೆ ಸಾನ್ ಎಲ್ಲರಿಗಿಂತ ಮೊದಲು ಬರುತ್ತಾರೆ.
ಬಂದರಿನ ಐಸ್ ಕಾರ್ಖಾನೆಯಲ್ಲಿ ಲೆಕ್ಕ ಬರೆದು ಬರೆದು ನಿವೃತ್ತರು.
ಬಿಸ್ಕತ್ತಿನ ಡಬ್ಬಿಯೊಳಗೆ ಸೀಸೆಗಳು,
ಹತ್ತಿ ಸುತ್ತಿ, ಮೊಟ್ಟೆ ತಂದ ಹಾಗೆ.
ಎಲ್ಲವೂ ಕೆಂಪು, ಹಸಿರು.
ನೀಲಿ ತೋರಿಸಿದರೆ ತಲೆಯಾಡಿಸಿ
ಪಕ್ಕದವರತ್ತ ಮೆಲ್ಲಗೆ ತಳ್ಳುತ್ತಾರೆ.

ಜನವರಿಯಲ್ಲಿ
ಅವರ ಎರಡು ಸೀಸೆಗಳ ಚೀಟಿ ಕಳಚಿಬಿದ್ದವು.
ಒಂದು ಪಾಚಿ, ಒಂದು ಇಟ್ಟಿಗೆ.
ಇಟ್ಟಿಗೆ ಕೊಡಿ ಎಂದೆ.
ಅವರು ಎರಡನ್ನೂ ಒಂದರ ಹಿಂದೊಂದು ಮೂಗಿಗೆ ಹಿಡಿದರು.

ನಕ್ಕುಬಿಟ್ಟೆ.
ಮೂಗಿನಲ್ಲಿ ನೋಡ್ತೀರಾ, ಇಸೊಬೆ ಸಾನ್?

ಹೌದು, ಎಂದರು.

ಕೆಳಗೆ ಟ್ರಾಮ್ ತಿರುವಿನಲ್ಲಿ ಕಿರುಗುಟ್ಟಿತು.
ಅದು ಹೋಗುವವರೆಗೂ ಸುಮ್ಮನಿದ್ದರು.

ಅದನ್ನೇ ಓಡಿಸಬೇಕೆಂದು ಹೋಗಿದ್ದೆ, ಹದಿನೆಂಟಕ್ಕೆ.
ಡಾಕ್ಟರು ಚುಕ್ಕಿಗಳ ಪುಸ್ತಕ ತೆರೆದು, ಅಂಕಿ ಓದು ಎಂದ.
ಚುಕ್ಕಿಗಳಿದ್ದವು.
ಪುಟ ತಿರುವಿದ. ಚುಕ್ಕಿಗಳಿದ್ದವು.
ಆಮೇಲೆ ಐಸ್ ಕಾರ್ಖಾನೆ. ಅಲ್ಲಿ ನಷ್ಟವನ್ನು ಕೆಂಪಿನಲ್ಲೇ ಬರೆಯಬೇಕು.
ಕೆಂಪಿನ ದೌತಿಯ ಕೊರಳಿಗೆ ಒಂದು ರಬ್ಬರ್ ಬಳೆ ಹಾಕಿಟ್ಟೆ;
ಮೂವತ್ತೊಂದು ವರ್ಷ ಒಂದು ನಷ್ಟವೂ ತಪ್ಪಲಿಲ್ಲ.
ಹೆಂಡತಿಗೆ ಹೇಳಿಲ್ಲ.
ಆದರೆ ಟೊಮೆಟೊ ಅವಳೇ ಆರಿಸುತ್ತಾಳೆ,
ಗೊತ್ತಿರಬೇಕು.

ಯಾರೂ ಕಪ್ಪು ಮುಟ್ಟಲಿಲ್ಲ.
ಅವರೇ ಲೇಖನಿ ಅದ್ದಿ ಗೆರೆ ಎಳೆದರು.
ನೋಡಿ, ಇದು ಅವಸರದ್ದು,
ಕಾಗದದ ನಾರಿನೊಳಕ್ಕೆ ಕಾಲು ಚಾಚುತ್ತದೆ. ಪಾಚಿ.
ಇದು ನಿಧಾನ. ಗೆರೆ ಮುಗಿದಲ್ಲಿ ಕೆರೆ ಕಟ್ಟಿ ನಿಲ್ಲುತ್ತದೆ,
ಮೂಗಿಗೆ ಹಳೇ ನಾಣ್ಯದ ವಾಸನೆ. ನಿಮ್ಮ ಇಟ್ಟಿಗೆ.
ನಿಮಗೆ ಕೆಂಪು ಕೆಂಪಾಗಿ ಕಂಡುಬಿಡುತ್ತದೆ,
ಮುಂದೆ ನೋಡುವುದಿಲ್ಲ.

ಅಂದು ರಾತ್ರಿ ದೀಪ ಆರಿಸಿ
ನನ್ನ ನೀಲಿಗಳ ಮುಚ್ಚಳ ತೆರೆಯುತ್ತ ಹೋದೆ.
ಹದಿನೇಳನೆಯದರಲ್ಲಿ ಆಸ್ಪತ್ರೆ ಇತ್ತು.
ಇಪ್ಪತ್ತನೆಯದರಲ್ಲಿ ಏನೂ ಇರಲಿಲ್ಲ.
ಅತಿ ದುಬಾರಿಯದೊಂದು, ಹರಾಜಿನಲ್ಲಿ ಗೆದ್ದದ್ದು,
ಒದ್ದೆ ನಾಯಿಯ ಹಾಗೆ ನಾರುತ್ತಿತ್ತು.
ಕಿಟಕಿಯಾಚೆ ಜಲಸಂಧಿಯಲ್ಲಿ ದೋಣಿಗಳ ದೀಪ;
ಎಷ್ಟು ಬಿಳಿ ಎಂದು ಎಣಿಸಲು ಹೋಗಿ
ಬಿಟ್ಟೆ.

ಫೆಬ್ರವರಿಯಲ್ಲಿ ಹೊಸ ಚೀಟಿ ನಾನೇ ಬರೆದೆ:
ಇಟ್ಟಿಗೆ.
ಅವರು ಅದನ್ನು ಇಸಿದುಕೊಂಡು, ಕನ್ನಡಕ ಏರಿಸಿ,
ಅದೇ ಮಸಿಯಲ್ಲಿ ಕೆಳಗೊಂದು ಸಾಲು ಸೇರಿಸಿದರು,
ಲೆಕ್ಕದ ಪುಸ್ತಕದ ಪುಟ್ಟ ಅಕ್ಷರಗಳಲ್ಲಿ:
ಒಣಗುವುದು ತಡ, ಮುಟ್ಟಬೇಡಿ.

ನಾನು ಆಗಲೇ ಮುಟ್ಟಿದ್ದೆ.