ಎರಡು ನಿಮಿಷ

ಮೂವತ್ತೊಂದು ವರ್ಷ ಸ್ಟೇಟ್‌ಬ್ಯಾಂಕ್ ಬಸ್‌ನಿಲ್ದಾಣದಲ್ಲಿ
ನಾನು ಟೈಮ್‌ಕೀಪರ್.
ಕಂಕುಳಲ್ಲಿ ಪುಸ್ತಕ, ಕಿವಿಯ ಸಂದಿಯಲ್ಲಿ ಪೆನ್ಸಿಲು, ಬಾಯಲ್ಲಿ ಸೀಟಿ.
ತೊಕ್ಕೊಟ್ಟಿನ ಬಸ್ಸು ಒಂಬತ್ತು ಹದಿನೇಳಕ್ಕೆ,
ಅದರ ಹಿಂದಿನದು ಹದಿನೆಂಟಕ್ಕೆ.
ನಡುವೆ ಇರುವ ಒಂದು ನಿಮಿಷದಲ್ಲಿ ಹತ್ತು ಟಿಕೆಟು,
ಹತ್ತು ಟಿಕೆಟಿನಲ್ಲಿ ಯಾರದೋ ಮನೆಯ ರಾತ್ರಿಯ ಮೀನು.

ಹಾಗಾಗಿ ಕರೆದರು ಬೈಕಿನ ಹುಡುಗರು,
ಬಜ್ಪೆಯ ಆಚೆ, ಕಲ್ಲು ತೆಗೆದು ಬಿಟ್ಟ ಕೆಂಪು ಕೋರೆಗೆ.
"ಸಾಲ್ಯಾನ್ರೇ, ಸುತ್ತು ಬರೆಯಲಿಕ್ಕೆ ಒಬ್ಬರು ಬೇಕು.
ಮೆಷಿನ್ ಉಂಟು, ಆದರೂ ಒಂದು ಧೈರ್ಯಕ್ಕೆ."
ಧೈರ್ಯಕ್ಕೆಂದು ಹೋದವನು ಐದು ರೇಸು ಕೂತೆ
ಪ್ಲಾಸ್ಟಿಕ್ ಕುರ್ಚಿಯಲ್ಲಿ, ಮೂಗಿಗೆ ಬೈರಾಸು ಕಟ್ಟಿ.

ಇವತ್ತು ಆರನೆಯದು. ಕೊನೆಯದು.
ರೀವನ್ ಕುಟಿನ್ಹೊ, ಎಪ್ಪತ್ತೊಂಬತ್ತು ಅಂಕ.
ತೌಸೀಫ್, ಎಪ್ಪತ್ತೊಂಬತ್ತು.
ಇಬ್ಬರಲ್ಲಿ ಯಾರು ಮುಂದೋ ಈ ವರ್ಷ ಅವನದು.

ತೌಸೀಫ್ ಅಬ್ಬುವಿನ ಮಗ.
ಅಬ್ಬು ಎಂದರೆ ಮಂಗಳಾದೇವಿ ಬಸ್ಸಿನ ಕಂಡಕ್ಟರ್,
ಬಾಗಿಲಲ್ಲಿ ಒಂಟಿಗಾಲಲ್ಲಿ ತೂಗುತ್ತ
ಬಸ್ಸಿನ ತಗಡಿಗೆ ಬಡಿದು "ರೈಟ್, ಪೋಯಿ" ಅನ್ನುತ್ತಿದ್ದವನು.
ಒಂದು ಬೆಳಿಗ್ಗೆ ಎರಡು ನಿಮಿಷ ತಡವಾಗಿ ಬಂದ.
ತಡವಿಲ್ಲ ಅಂದ, ಮೇಲಿನವನಾಣೆ ಅಂದ.
ನಾನು ಪುಸ್ತಕ ತೋರಿಸಿದೆ.
ಬರೆದದ್ದು ಬರೆದದ್ದು.
ಧನಿಗಳು ಅವನನ್ನು ಒಂದು ವಾರ ಮನೆಯಲ್ಲಿ ಕೂರಿಸಿದರು,
ಉಪವಾಸದ ತಿಂಗಳ ಕೊನೆಯ ವಾರ.
ಆ ಸಂಜೆ ರೇಡಿಯೊ ಹಚ್ಚಿದೆ. ಹೊತ್ತಾದರೂ ವಾರ್ತೆ ಬರಲಿಲ್ಲ.
ಬಂದದ್ದು ನನ್ನ ವಾಚಿನ ಎರಡು ನಿಮಿಷ ಕಳೆದ ಮೇಲೆ.
ವಾಚು ಬಿಚ್ಚಿ ಮೇಜಿನ ಮೇಲೆ ಮಗುಚಿಟ್ಟೆ.
ಹೆಂಡತಿಗೂ ಹೇಳಲಿಲ್ಲ.

ಬಾವುಟ ಬಿತ್ತು.
ಹದಿನಾಲ್ಕು ಬೈಕು ಒಮ್ಮೆಲೇ ಕಿರುಚಿ
ಕೋರೆಯ ಗೋಡೆಗೆ ಬಡಿದ ಸದ್ದು ತಿರುಗಿ ಬರುವ ಮೊದಲೇ
ಮೊದಲ ತಿರುವು ದಾಟಿದವು.
ಕೆಂಪು ಧೂಳು, ಧೂಳೊಳಗೆ ನಂಬರು, ನಂಬರಿಗೊಂದು ಗೀಟು.
ದುಬೈ ವಿಮಾನ ತಲೆಯ ಮೇಲೇ ಇಳಿಯಿತು, ಯಾರೂ ನೋಡಲಿಲ್ಲ.
ಏಳನೆಯ ಸುತ್ತಿಗೆ ಜನರೇಟರ್ ಎರಡು ಸಲ ಕೆಮ್ಮಿ ಸತ್ತಿತು.
ಮೆಷಿನ್ ಕಣ್ಣು ಮುಚ್ಚಿತು.
ಇನ್ನು ನಾನು, ನನ್ನ ಪೆನ್ಸಿಲು.

ಹತ್ತು. ಹನ್ನೊಂದು.
ಕೊನೆಯ ಸುತ್ತು. ನೀರು ನಿಂತ ಹೊಂಡದ ಬದಿಯಲ್ಲಿ
ರೀವನ್ ಅಗಲಕ್ಕೆ ಹೋದ, ತೌಸೀಫ್ ಒಳಗೆ ನುಗ್ಗಿದ,
ಮೊಣಕಾಲಿಗೆ ಮೊಣಕಾಲು ತಾಗಿ
ಎರಡೂ ಒಂದೇ ಧೂಳಾಗಿ ಬಂದು
ಸುಣ್ಣದ ಗೆರೆ ದಾಟಿದವು.

ಆಮೇಲೆ ಕೋರೆಗೆ ಕೋರೆಯೇ ನನ್ನ ಕಡೆ ತಿರುಗಿತು.

ನೋಡಿದ್ದೆ ನಾನು.
ಮುಂದಿನ ಚಕ್ರ, ಒಂದು ಗೇಣು.
ಆದರೆ ಪೆನ್ಸಿಲು ಗಾಳಿಯಲ್ಲೇ ನಿಂತಿತು, ನಿಲ್ಲಬಾರದಿತ್ತು.
ಸಾಲ ತೀರಿಸಲಿಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತು
ಇನ್ನು ನನಗೆ ಸಿಗುತ್ತದೋ ಇಲ್ಲವೋ.
ಒಂದು ಗೇಣು, ಯಾರು ಕಂಡರು?
ಹಗ್ಗದ ಆಚೆ ಅಬ್ಬು, ನೆರೆತ ಗಡ್ಡ, ನನ್ನನ್ನೇ ನೋಡುತ್ತಿದ್ದ,
ಬೇಡುತ್ತಿರಲಿಲ್ಲ. ಬಸ್ಸಿನವರು ನೋಡುವ ಹಾಗೆ ನೋಡುತ್ತಿದ್ದ:
ಬರಿ, ನಮಗೆ ಹೊರಡಲಿಕ್ಕುಂಟು.

ರೀವನ್ ಎಂದು ಬರೆದೆ.

ಪಟಾಕಿ, ಬ್ಯಾಂಡು, ಹೆಲ್ಮೆಟಿನಲ್ಲಿ ಸೋಡಾ ಕುಡಿಯುವ ಹುಡುಗರು.
ತೌಸೀಫ್ ಕಲ್ಲಿನ ರಾಶಿಯ ಮೇಲೆ ಕೂತು
ಶೂವಿನೊಳಗಿನ ಮಣ್ಣು ಸುರಿದ, ಬಹಳ ಹೊತ್ತು ಸುರಿದ.
ಅಬ್ಬು ನನ್ನ ಕುರ್ಚಿಯ ಹತ್ತಿರ ಬಂದ.
"ಎಷ್ಟು ಲೇಟು?"
"ಒಂದು ಗೇಣು."
ತಲೆ ಹಾಕಿದ. ಸ್ವಲ್ಪ ಬಿಟ್ಟು ನನ್ನ ಮಣಿಕಟ್ಟು ನೋಡಿ ಕೇಳಿದ,
"ವಾಚು ಈಗ ಸರಿ ಉಂಟಲ್ಲ?"

ಈಗ ಅಂದ.
ಇಷ್ಟು ವರ್ಷ ಗೊತ್ತಿತ್ತು ಅವನಿಗೆ.

"ಸರಿ ಉಂಟು" ಅಂದೆ. ಗಂಟಲಲ್ಲಿ ಕೆಂಪು ಧೂಳು.

ಕೈಕಂಬದಲ್ಲಿ ಇಬ್ಬರೂ ಒಂದೇ ಬಸ್ಸು ಹತ್ತಿದೆವು.
ಏಳೂ ನಲವತ್ತಕ್ಕೆ ಬಿಡಬೇಕಿತ್ತು.
ಡ್ರೈವರ್ ಚಾ ಕುಡಿಯುತ್ತಿದ್ದ.
ನಲವತ್ತೊಂದು.
ನಲವತ್ತೆರಡು.
ನಾನು ನೋಡಿದೆ, ಅಬ್ಬುವೂ ನೋಡಿದ,
ಯಾರೂ ಏನೂ ಹೇಳಲಿಲ್ಲ.