ಕೈಸನ್ನೆ ಇಲ್ಲದ ಕೋಣೆ

(ಗ್ದಾನ್ಸ್ಕ್ ಹಡಗುಕಟ್ಟೆಯ ಕ್ರೇನ್ ನಡೆಸುವ ಹಾಲ್ಷ್ಕಾ, ಜೊತೆಗಾರ ಮಿಯೆಷ್ಕೊಗೆ)

ಆ ಚೀಟಿ ನಿನ್ನ ಜೇಬಲ್ಲಿ ಮೂರು ವಾರದಿಂದ ಮಾಸುತ್ತಿದೆ, ಗೊತ್ತು.
ಫೋನ್ ಮಾಡು.
ಎತ್ತಲ್ಲ ಅವನು, ಎದುರಿಗೆ ಯಾರೋ ಕೂತಿರುತ್ತಾರೆ.
ಹೆಸರು ಹೇಳಿ ಇಟ್ಟುಬಿಡು, ಸಂಜೆ ಅವನೇ ಮಾಡುತ್ತಾನೆ.
ನಾನಂತೂ ಗಾಬರಿಯಲ್ಲಿ
ಮದುವೆಗೆ ಮುಂಚಿನ ಹೆಸರು ಹೇಳಿದ್ದೆ.

ನನ್ನವಳ ಮನೆ ವ್ಝೆಷ್ಚ್‌ನಲ್ಲಿ. ಮೂರನೇ ಮಹಡಿ, ಲಿಫ್ಟ್ ಇಲ್ಲ.
ನಲವತ್ತು ಮೀಟರ್ ಏಣಿ ದಿನಾ ಹತ್ತುವವಳಿಗೆ
ಆ ಐವತ್ತೆರಡು ಮೆಟ್ಟಿಲಲ್ಲಿ ಏದುಸಿರು.
ಬಾಗಿಲಲ್ಲೇ ಬೂಟು ಬಿಚ್ಚಬೇಕು. ಉಣ್ಣೆಯ ಚಪ್ಪಲಿ ಇಟ್ಟಿರುತ್ತಾಳೆ,
ಎಲ್ಲರ ಪಾದಕ್ಕೂ ತುಸು ದೊಡ್ಡದೇ.
ತೂತಿಲ್ಲದ ಕಾಲ್ಚೀಲ ಹಾಕಿಕೊಂಡು ಹೋಗು.

ಮಂಚ ಇರುತ್ತೆ ಅಂದುಕೊಂಡಿದ್ದೆ. ಇಲ್ಲ.
ಎರಡು ಕುರ್ಚಿ, ಕೊಂಚ ಓರೆಯಾಗಿ;
ಅವಳನ್ನೂ ನೋಡಬಹುದು, ಕಿಟಕಿಯಾಚೆ
ಟ್ರಾಮಿನ ತಂತಿಯನ್ನೂ ನೋಡಬಹುದು.
ಮೊದಲು ಕಾಗದ, ಸಹಿ.
ಐವತ್ತು ನಿಮಿಷ, ಇನ್ನೂರು ಝ್ವೋತಿ.
ಹಿಂದಿನ ದಿನವೇ ತಿಳಿಸದೆ ತಪ್ಪಿಸಿದರೂ ಇನ್ನೂರೇ.
ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ಲ,
ಅಲ್ಲಿ ಎರಡಕ್ಕೂ ಒಂದೇ ದರ.
ಹೇಳಿದ್ದು ಈ ಗೋಡೆ ದಾಟಲ್ಲ ಅಂದಳು.
ಯಾವಾಗ ದಾಟಬೇಕಾಗುತ್ತೆ ಅನ್ನುವುದನ್ನೂ ಅಂದಳು,
ನಿನ್ನ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ
ಕುತ್ತು ಬಂದಾಗ.
ಅಲ್ಲಿಗೆ ನನಗೆ ನಂಬಿಕೆ ಬಂತು. ಬ್ರೇಕು ಎಲ್ಲಿದೆ ಅಂತ
ಮೊದಲೇ ತೋರಿಸುವವರ ಜೊತೆ ಕೆಲಸ ಮಾಡಬಹುದು.

'ಯಾವುದು ನಿಮ್ಮನ್ನು ಇಲ್ಲಿಗೆ ಕರೆತಂತು?'
'ಆರನೇ ನಂಬರ್ ಟ್ರಾಮು' ಅಂದೆ.
ನಗಲಿಲ್ಲ ಅವಳು. ನಗದೆ ಇರಲೂ ಇಲ್ಲ.
ಆಮೇಲೆ ಕಾದಳು.

ನಮಗೆ ಕೆಳಗಿನಿಂದ ಒಬ್ಬ ಕೈಯೆತ್ತುತ್ತಾನೆ:
ಮೇಲೆ, ಕೆಳಗೆ, ಎಡಕ್ಕೆ, ನಿಲ್ಲು.
ಇಪ್ಪತ್ತಾರು ವರ್ಷ ಆ ಕೈಯನ್ನೇ ನೋಡಿ ಬದುಕಿದವಳು ನಾನು.
ಅಲ್ಲಿ ಕೈಸನ್ನೆ ಇಲ್ಲ, ಮಿಯೆಷ್ಕೊ.
ಎಲ್ಲಿಂದ ಎತ್ತಬೇಕು, ಎಲ್ಲಿ ಇಳಿಸಬೇಕು,
ಹೇಳುವವರೇ ಇಲ್ಲ.

ಆ ನಾಲ್ಕು ನಿಮಿಷದ ಕಥೆ ಹೇಳಿದೆ.
ಹನ್ನೊಂದು ಟನ್ ಉಕ್ಕಿನ ಹಲಗೆ ಗಾಳಿಯಲ್ಲಿ,
ಲಿವರ್ ಮೇಲೆ ಕಲ್ಲಾದ ನನ್ನ ಕೈ,
ಕೆಳಗೆ ನೀನು, ಟೊಪ್ಪಿ ತೆಗೆದು ಬೀಸುತ್ತಿದ್ದೆ.
ಎರಡನೇ ವಾರ ಬರೀ ಗ್ರೀಸು, ಸವೆದ ಹಗ್ಗ, ಮೇಸ್ತ್ರಿಯ ಜಿಪುಣತನ.
ಅವಳಿಗೆ ಆಕಳಿಕೆ ಬಂತು. ಕ್ಷಮಿಸಿ ಅಂದಳು.
ಮೂರನೇ ವಾರ ನನ್ನ ಬಾಯಲ್ಲಿ ಮಾತೇ ಇಲ್ಲ.

ನಾಲ್ಕನೇ ವಾರ, ಎಲ್ಲಿದ್ದನೋ, ಅಪ್ಪ ಬಂದ.
ಒಲೆಯ ಹೊಗೆಕೊಳವೆ ಗುಡಿಸಲು ಏಣಿ ಹತ್ತಿದ್ದ,
ಹಿಡಿದುಕೋ ಅಂದಿದ್ದ. ನನಗೆ ಒಂಬತ್ತು.
ಮೂಗು ತುರಿಸಿತು, ಬಿಟ್ಟೆ.
ಏನೂ ಆಗಲಿಲ್ಲ.
ಇಳಿದು ಬಂದ, ಕೈ ತೊಳೆದ, ಬೀಟ್ರೂಟ್ ಸಾರು ಕುಡಿದ.
ಇಷ್ಟೇ. ಇದಕ್ಕೆ ಅಳುವವರುಂಟೆ?
'ನಿಮ್ಮ ಕೈ ಈಗ ಏನು ಮಾಡುತ್ತಿದೆ?' ಅಂದಳು.
ನೋಡಿದರೆ
ಕುರ್ಚಿಯ ಎರಡೂ ತೋಳು ಹಿಡಿದಿದ್ದೆ,
ಗೆಣ್ಣು ಬಿಳಿಚುವಷ್ಟು.

ವಾಸಿಯಾಯಿತೇ ಅಂತ ಕೇಳಬೇಡ.
ಮಾತ್ರೆ ಕೊಡಲ್ಲ ಅವಳು, ಬುದ್ಧಿಯನ್ನೂ ಹೇಳಲ್ಲ.
ಕೆಲವು ಬುಧವಾರ ಹತ್ತಿದ್ದಕ್ಕಿಂತ ಭಾರವಾಗಿ ಇಳಿಯುತ್ತೇನೆ.
ಅಂಥ ದಿನ ನೇರ ಮನೆಗೆ ಹೋಗಬೇಡ;
ಮೂಲೆಯಂಗಡಿಯಲ್ಲಿ ಪೀಪಾಯಿಯ ಉಪ್ಪುಸೌತೆ ಕೊಂಡು
ನಿಂತೇ ತಿನ್ನು.

ಚೀಟಿಯಲ್ಲಿರುವುದು ಅವಳ ನಂಬರಲ್ಲ, ಅವಳು ಹೇಳಿದವನದು.
ಒಂದೇ ಹಲಗೆಯ ಮೇಲಿದ್ದವಳನ್ನೂ ಕೆಳಗಿದ್ದವನನ್ನೂ
ಒಬ್ಬಳೇ ನೋಡಬಾರದು ಅಂದಳು.
ಹಾಗಾಗಿ ಚಪ್ಪಲಿ, ಕುರ್ಚಿ, ಕಿಟಕಿ, ಎಲ್ಲ ಬೇರೆ ಇದ್ದೀತು.
ಮೂರು ಸಲ ಹೋಗು. ಹಿಡಿಸದಿದ್ದರೆ
ಹಿಡಿಸಲಿಲ್ಲ ಅಂತ ಅವನಿಗೇ ಹೇಳು,
ಅದಕ್ಕೂ ಅಲ್ಲಿ ಜಾಗ ಉಂಟು.

ಒಂದು ಮಾತು ನಾನು ನಿನ್ನನ್ನು ಕೇಳಿಯೇ ಇಲ್ಲ.
ಆ ನಾಲ್ಕು ನಿಮಿಷ
ನೀನು ಯಾಕೆ ಅಲ್ಲಿಂದ ಓಡಲಿಲ್ಲ?
ಬೇಡ, ನನಗೆ ಹೇಳಬೇಡ.
ಅಲ್ಲಿ ಹೇಳು.